ಬಿಡು ಅಂದಾಗ ಬಿಡು

ಐದು ವಾಯರು, ಒಂದೊಂದಕ್ಕ ಒಂದೊಂದು ಕೆಲಸ.
ಕೆಂಪು ಕರೆಂಟಿನ ಅಳತಿಗೆ, ಕರಿದು ನೆಲಕ್ಕ,
ಹಳದಿ ತಾಳಕ್ಕ, ಹಸರು ಮಾತಿಗೆ.
ಬಿಳಿದು ಇನ್ನೂ ಹಚ್ಚಿಲ್ಲ.
ಬೇಕಾಗೂದಿಲ್ಲ ಅಂದುಕೊಂಡಿದ್ದೆ.

ಉದ್ಯಮಬಾಗಿನ ಶೆಡ್ಡು, ಸಂಜಿ ಆರೂವರಿ.
ಬಾಜೂ ಫೌಂಡ್ರಿಯ ಸುಟ್ಟ ಉಸುಕಿನ ವಾಸನಿ,
ಪತ್ರಾದ ಮ್ಯಾಲ ಜಿಟಿಜಿಟಿ ಮಳಿ.
ಪ್ರೆಸ್ಸಿನ ಹೊಟ್ಟಿಯಿಂದ ಬಿಚ್ಚಿ ತಂದ ಬೋರ್ಡು
ಹಳೇ ಪೇಪರಿನ ವಧು-ವರರ ಮ್ಯಾಲ ಅಂಗಾತ ಮಲಗೇತಿ.
ಕಾಲೇಜಿನ ಹುಡುಗರು ಕಲಿಯೂ ಬೋರ್ಡದು;
ಅದನ್ನ ನಲವತ್ತು ಟನ್ನಿನ ಪ್ರೆಸ್ಸಿಗೆ ಕೂಡಿಸಿ
ಭೂಪಾಲ ಉಪಾಧ್ಯೆ ಕೊಲ್ಲಾಪುರಕ್ಕ ಹೋದ.

ಲ್ಯಾಪ್‌ಟಾಪಿಗೆ ಒಂದ ಮಾತು ಬರತೈತಿ:
ಟಾರ್ಗೆಟ್ ಸಿಗಲಿಲ್ಲ.
ಎದುರಿಗೇ ಐತಿ. ಗೇಣು ದೂರ.
ಹಸರು ದೀಪ ಮಿಣಕಾಕತ್ತೈತಿ.
ಸಿಗಲಿಲ್ಲ.

ಮದಲ ಕೇಬಲ್ಲಿನ ಮ್ಯಾಲ ಸಂಶೆ, ಬದಲಿಸಿದೆ.
ಚಾರ್ಜಿಗಷ್ಟ ಆಗೂ ಕೇಬಲ್ಲು ಇರತಾವು,
ಉಣ್ಣಸತಾವು, ಮಾತಾಡಸೂದಿಲ್ಲ.
ಆಮ್ಯಾಲ ಎರಡು ಜಂಪರ್ ಕಿತ್ತೆ.
ಬೋರ್ಡಿನದೇ ಡಿಬಗ್ಗರು ಹ್ವಾದ ವರ್ಷ ಸಿಡ್ಲಿಗೆ ಸುಟ್ಟಿತ್ತು,
ಸುಟ್ಟರೂ ತಂತಿ ಹಿಡಕೊಂಡು ಕುಂತಿತ್ತು,
ಸತ್ತ ಮ್ಯಾಲೂ ಕೀಲಿ ಬಿಡದ ಯಜಮಾನನಂಗ.
ಮೀಟರ್ ಹಿಡದೆ: ಮೂರು ಪಾಯಿಂಟ್ ಎರಡೆಂಟು.
ನೆಲಕ್ಕ ನೆಲಾ ಕೂಡಿಸಿದರ ಪೀಂ ಅಂತು.
ವೇಗ ಇಳಿಸಿದೆ, ನಾಕು ಸಾವಿರದಿಂದ ನೂರಕ್ಕ,
ಕಿವುಡರಿಗೆ ಹೇಳಿದಂಗ
ಬಿಡಿಸಿ,
ಬಿಡಿಸಿ.

ಮೂರನೇ ಗೇಟಿನಾಗ ರೈಲು ಹೋತು,
ಟೇಬಲ್ ಮ್ಯಾಲಿನ ಸ್ಕ್ರೂ ಎಲ್ಲಾ ಒಂದೀಟು ಸರದು ನಿಂತವು.
ಭೂಪಾಲಗ ಫೋನ್ ಹಚ್ಚಿದೆ. ಎತ್ತಲಿಲ್ಲ.
ಎತ್ತಿದ್ದರ ಏನೇನು ಅನ್ನಬೇಕಂತ
ಬೈಗಳ ಜೋಡಿಸಿ ಇಟ್ಟುಕೊಂಡೆ.

ಆಗ ಹೊಳೀತು, ಇದು ಕಿವುಡಲ್ಲ.
ಎಚ್ಚರಾದ ಕೂಡ್ಲೆ ಕಿವಿ ಮುಚ್ಚಿಕೊಳ್ಳಾಕತ್ತೈತಿ.
ಎಚ್ಚರಕ್ಕೂ ಮುಚ್ಚೂದಕ್ಕೂ ನಡುವ
ಒಂದು ಎಳಿಯಷ್ಟು ಹೊತ್ತು.
ಕರೆಯೂದಿದ್ದರ ಅಲ್ಲೇ ಕರೀಬೇಕು.
ಬಿಳಿ ವಾಯರ್ ಅದಕ್ಕ ಇರೂದು. ಹಚ್ಚಿದೆ.
ಅಗ್ಗದ ಡಬ್ಬಿ, ಆ ಪಿನ್ನಿಗೆ ಒಳಗ ಜೀವ ಇಲ್ಲ.

ಭರಮಾ, ಬಾ ಇಲ್ಲಿ. ಈ ಕರೀ ಗುಂಡಿ ಒತ್ತಿ ಹಿಡಿ.
ಬಿಡು ಅಂದಾಗ ಬಿಡು.

ಹೆಬ್ಬಟ್ಟು ಗುಂಡಿಗಿಂತ ನಾಕು ಪಟ್ಟು ದೊಡ್ಡದು.
ಅದರ ಬಾಜೂ ತೋರಬಟ್ಟು
ನಡುಗಂಟಿಗೇ ಮುಗದಿತ್ತು.
ದಿನಾ ನೋಡಿದ ಕೈ, ಇಷ್ಟು ಸನೇ ನೋಡಿರಲಿಲ್ಲ.

ಬಿಡು. ತಡ ಆತು.
ಬಿಡು. ಲಗೂ ಆತು.
ಬಿಡು. ಮಳಿ ಜೋರಾತು.
ಆರು ಸಲ ಆದ ಮ್ಯಾಲ ಅಂದ:
"ಬಾಯಾರ, ಬಿಡು ಅನ್ನೂಕಿಂತ ಮದಲ
ನೀವೊಂದು ಉಸುರು ಎಳಕೋತೀರಿ.
ಆ ಉಸುರಿಗೆ ಬಿಡಲೇನು?"

ಉಸುರು ಎಳಕೊಂಡೆ.

ಸಿಕ್ಕಿತು.
ಸಾಲಿನ ಮ್ಯಾಲ ಸಾಲು, ಇರುವಿಯಂಗ ಅಂಕಿ ಇಳದವು.
ಮದಲಿನ ನಾಕು ಸಾಲಿನಾಗ ಭೂಪಾಲ
ನಾವು ಮಾತಾಡೂ ಎರಡೂ ಪಿನ್ನು ಕಸಕೊಂಡು
ಬ್ಯಾರೇ ಕೆಲಸಕ್ಕ ಹಚ್ಚಿದ್ದ.
ಉಳಿದವೆಲ್ಲಾ ಭರ್ತಿ, ಜಾಗಾ ಇರಲಿಲ್ಲ.
ಒಂದಕ್ಕ ಕೆಂಪು ದೀಪ. ಇನ್ನೊಂದಕ್ಕ ಬೆಲ್ಲು.

ಪ್ರೆಸ್ ಇಳಿಯೂ ಮದಲ ಬಾರಸತೈತಲ್ಲ, ಆ ಬೆಲ್ಲೇನು?
"ಹೌದ್ರಿ. ಮದಲ ಇರಲಿಲ್ಲ."
ಬಟ್ಟಿನ ಕಡೆ ನೋಡಲಿಲ್ಲ ಅವ, ಬೋರ್ಡಿನ ಕಡೆ ನೋಡಿದ.
"ದವಾಖಾನಿಯಿಂದ ನಾ ಬರೂದರಾಗ
ಉಪಾಧ್ಯೆ ಸಾಹೇಬರು ರಾತ್ರಿಯೆಲ್ಲಾ ಕುಂತು ಹಚ್ಚಿದ್ದರು."

ಜೋಡಿಸಿದ ಬೈಗಳ
ಹಂಗ ಬಾಯಾಗ ಉಳದವು.
ಫೋನು ಈಗ ಬಡಕೋತು. ಕೊಲ್ಲಾಪುರ.
ಆಮ್ಯಾಲ ಮಾತಾಡೂಣು ಅಂತ ಬೋರಲ ಹಾಕಿದೆ.

ದೀಪ ಅಲ್ಲೇ ಇರಲಿ, ಬೆಲ್ಲೂ ಇರಲಿ.
ಆ ನಾಕು ಸಾಲಿನ ತೆಲಿ ಮ್ಯಾಲ
ನನ್ನದೊಂದು ಸಾಲು ಕೂಡಿಸಿದೆ:
ಎರಡು ಸೆಕೆಂಡು ತಡಿ, ಆಮ್ಯಾಲ ಮುಚ್ಚಿಕೋ.
ಮುಂದ ಯಾರೋ ಐದು ವಾಯರ್ ಹಿಡಕೊಂಡು ಬರತಾರ,
ಅವರಿಗೊಬ್ಬ ಭರಮಾ ಸಿಗದಿದ್ದರ?

ಇನ್ನೊಮ್ಮೆ ಒತ್ತು ಅಂದೆ.
ಒತ್ತಿದ, ಹಿಡದ, ನನ್ನ ಮೂಗಿನ ಕಡೆ ನೋಡಕೋತ ನಿಂತ.
"ಬಿಡಲೇನ್ರಿ?"
ನಿನಗ ಬೇಕಾದಾಗ ಬಿಡು.
ಅವಾ ಇನ್ನಷ್ಟು ಹೊತ್ತು ಹಿಡಕೊಂಡ.